ಕಿಡ್ನಿ ರಿಪೋರ್ಟ್ ಓದುವುದು ಹೇಗೆ? ಕ್ರಿಯೇಟಿನಿನ್, ಯೂರಿಯಾ, ಸಿಸ್ಟಾಟಿನ್ ಸಿ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಶಿವಮೊಗ್ಗದ ಒಂದು ಲ್ಯಾಬಿನಲ್ಲಿ ಟೆಕ್ನಿಷಿಯನ್. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯಿಂದ ಮೊದಲ ಬಸ್ಸಿಗೆ ಬಂದು ರಕ್ತ ಕೊಟ್ಟು ಹೋಗುವವರು ನಮ್ಮಲ್ಲಿ ಜಾಸ್ತಿ. ಸಂಜೆ ರಿಪೋರ್ಟ್ ಕೈಗೆ ಬಂದಾಗ ಎಲ್ಲರ ಕಣ್ಣೂ ಮೊದಲು ಹೋಗುವುದು ದಪ್ಪ ಅಕ್ಷರದಲ್ಲಿ ಅಚ್ಚಾದ ಅಂಕಿಯ ಮೇಲೆ. ಅದು ಕಂಡರೆ ಗಾಬರಿ, ಕಾಣದಿದ್ದರೆ ನಿರಾಳ. ಕಿಡ್ನಿ ವಿಷಯದಲ್ಲಿ ಈ ಗಾಬರಿ, ಈ ನಿರಾಳ ಎರಡೂ ಎಷ್ಟೋ ಸಲ ತಪ್ಪಾಗಿರುತ್ತವೆ. ಕೌಂಟರಿನಲ್ಲಿ ನಿಂತು ಎರಡು ನಿಮಿಷದಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆದಿದ್ದೇನೆ. ನಾನು ಡಾಕ್ಟರ್ ಅಲ್ಲ. ಮಾತ್ರೆ ಬದಲಿಸುವುದು, ನಿಲ್ಲಿಸುವುದು ನಿಮ್ಮ ಡಾಕ್ಟರನ್ನು ಕೇಳಿಯೇ ಆಗಬೇಕು.

ಕ್ರಿಯೇಟಿನಿನ್ ಅಂದರೆ ಏನು? ಅದು ವಿಷವಾ?

ವಿಷ ಅಲ್ಲ. ನಮ್ಮ ಸ್ನಾಯುಗಳಲ್ಲಿ ಕ್ರಿಯೇಟಿನ್ ಅನ್ನೋ ವಸ್ತು ಇದೆ. ಅದು ದಿನಾ ಸ್ವಲ್ಪ ಸ್ವಲ್ಪ ಒಡೆದು ಕ್ರಿಯೇಟಿನಿನ್ ಆಗುತ್ತದೆ, ರಕ್ತಕ್ಕೆ ಸೇರುತ್ತದೆ. ಕಿಡ್ನಿ ಅದನ್ನು ಸೋಸಿ ಮೂತ್ರಕ್ಕೆ ಬಿಡುತ್ತದೆ. ಸೋಸುವ ಕೆಲಸ ನಿಧಾನವಾದರೆ ರಕ್ತದಲ್ಲಿ ಅದರ ಪ್ರಮಾಣ ಏರುತ್ತದೆ. ಹಾಗಾಗಿಯೇ ಅದನ್ನು ಅಳೆಯುತ್ತೇವೆ.

ಮಲೆನಾಡಿನವರಿಗೆ ಇದನ್ನು ಅಬ್ಬಿ ನೀರಿನ ಲೆಕ್ಕದಲ್ಲಿ ಹೇಳುತ್ತೇನೆ. ಗುಡ್ಡದಿಂದ ದಬ್ಬೆಯಲ್ಲಿ (ಸೀಳಿದ ಅಡಿಕೆ ಮರದ ಕಾಲುವೆ) ನೀರು ಹರಿದು ಬಂದು ಮನೆ ಹಿಂದಿನ ತೊಟ್ಟಿಗೆ ಬೀಳುತ್ತದೆ. ತೊಟ್ಟಿಯ ತಳದಲ್ಲಿ ಒಂದು ತೂತು ಇದೆ ಅಂದುಕೊಳ್ಳಿ. ನೀರಿನ ಮಟ್ಟ ಏರಿದರೆ ಕಾರಣ ಎರಡು ಇರಬಹುದು. ದಬ್ಬೆಯಲ್ಲಿ ನೀರು ಜಾಸ್ತಿ ಬರುತ್ತಿದೆ, ಇಲ್ಲವೇ ತೂತಿಗೆ ಕಸ ಕಟ್ಟಿದೆ. ದಬ್ಬೆ ಅಂದರೆ ನಿಮ್ಮ ಸ್ನಾಯು. ತೂತು ಅಂದರೆ ಕಿಡ್ನಿ. ರಿಪೋರ್ಟಿನಲ್ಲಿ ಬರುವ ಅಂಕಿ ಬರೀ ನೀರಿನ ಮಟ್ಟ. ಮಟ್ಟ ನೋಡಿ ತೂತಿನ ಗತಿ ಹೇಳಬೇಕಾದರೆ ದಬ್ಬೆಯಲ್ಲಿ ಎಷ್ಟು ನೀರು ಬರುತ್ತಿದೆ ಅನ್ನುವುದೂ ಗೊತ್ತಿರಬೇಕು, ಅಲ್ವಾ?

ನಮ್ಮಪ್ಪನ ಕ್ರಿಯೇಟಿನಿನ್ ನಾರ್ಮಲ್ ಬಂದಿದೆ. ಕಿಡ್ನಿ ಸರಿ ಇದೆ ಅಂತ ತಾನೆ?

ಈ ಪ್ರಶ್ನೆಗೆ ನನ್ನ ಮನೆಯದ್ದೇ ಉತ್ತರ ಇದೆ. ನನ್ನ ಅಪ್ಪಯ್ಯನಿಗೆ 78 ವರ್ಷ, ತೂಕ 44 ಕೆಜಿ. ಒಂದು ಕಾಲಕ್ಕೆ ಅಡಿಕೆ ಮರ ಹತ್ತಿ ಕೊನೆ ಇಳಿಸುತ್ತಿದ್ದ ಮೈ. ಈಗ ತೋಳು ಹಿಡಿದರೆ ಮೂಳೆ ಸಿಗುತ್ತದೆ. ಮಂಡಿ ನೋವಿಗೆ ಮೆಡಿಕಲ್ ಶಾಪಿನಿಂದ ನೋವಿನ ಮಾತ್ರೆ ತಂದು ನುಂಗುತ್ತಿದ್ದರು. ನಾನು ವರ್ಷಕ್ಕೊಂದು ಸಲ ಕ್ರಿಯೇಟಿನಿನ್ ಮಾಡುತ್ತಿದ್ದೆ. 1.0 ಬರುತ್ತಿತ್ತು. "ಏನೂ ತೊಂದರೆ ಇಲ್ಲ ಅಪ್ಪಯ್ಯ" ಅಂತ ನಾನೇ ಹೇಳಿದ್ದೆ.

ಕಾಲು ಊದಿಕೊಂಡಾಗ ಡಾಕ್ಟರ್ ಸಿಸ್ಟಾಟಿನ್ ಸಿ ಅನ್ನೋ ಇನ್ನೊಂದು ರಕ್ತ ಪರೀಕ್ಷೆ ಬರೆದುಕೊಟ್ಟರು, ಅದರ ವಿವರ ಮುಂದೆ ಇದೆ. 1.6 ಬಂತು. ಕ್ರಿಯೇಟಿನಿನ್ ಮಾತ್ರ ಹಾಕಿ ಲೆಕ್ಕ ಮಾಡಿದರೆ ಅಪ್ಪಯ್ಯನ ಕಿಡ್ನಿಯ ಸೋಸುವ ವೇಗ ನಿಮಿಷಕ್ಕೆ 77 ಮಿಲಿಲೀಟರ್ (ಆರೋಗ್ಯವಂತ ಯುವಕರಲ್ಲಿ ಸುಮಾರು 120). ಸಿಸ್ಟಾಟಿನ್ ಸಿ ಮಾತ್ರ ಹಾಕಿದರೆ 39. ಎರಡನ್ನೂ ಸೇರಿಸಿದ ಸೂತ್ರದಲ್ಲಿ 55. ಒಬ್ಬನೇ ಮನುಷ್ಯ, ಒಂದೇ ದಿನದ ರಕ್ತ. ಸ್ನಾಯು ಕರಗಿದ ಮೈಯಲ್ಲಿ ದಬ್ಬೆ ನೀರೇ ಸಣ್ಣಗಾಗಿತ್ತು. ಹಾಗಾಗಿ ತೂತು ಕಟ್ಟುತ್ತಾ ಬಂದರೂ ತೊಟ್ಟಿಯ ಮಟ್ಟ ಏರಲೇ ಇಲ್ಲ. ನೋವಿನ ಮಾತ್ರೆ ಅವತ್ತೇ ನಿಂತಿತು. ವಯಸ್ಸಾದ, ಸೊರಗಿದ ಅಪ್ಪ ಅಮ್ಮಂದಿರ ರಿಪೋರ್ಟಿನಲ್ಲಿ "ನಾರ್ಮಲ್" ಅಂತ ಕಂಡಾಗ ದಯವಿಟ್ಟು ಅಲ್ಲಿಗೇ ನಿಲ್ಲಬೇಡಿ. ಈ ಪುಟ ಬರೆಯಲು ಮುಖ್ಯ ಕಾರಣ ಇದೇ.

ಇನ್ನೊಂದು ಮಾತು. ಮೊದಲು 0.6 ಇದ್ದವರಿಗೆ ಈಗ 1.1 ಬಂದರೆ ರಿಪೋರ್ಟಿನಲ್ಲಿ ಯಾವ ಗುರುತೂ ಇರುವುದಿಲ್ಲ. ಮೈ ಮೊದಲಿನ ಹಾಗೇ ಇದ್ದರೆ ಸೋಸುವ ಶಕ್ತಿ ಮಾತ್ರ ಅರ್ಧದ ಹತ್ತಿರ ಇಳಿದಿರುತ್ತದೆ. ಇದು ಹಳೆಯ ರಿಪೋರ್ಟ್ ಪಕ್ಕದಲ್ಲಿಟ್ಟು ನೋಡಿದವರಿಗಷ್ಟೇ ಕಾಣುತ್ತದೆ.

ಇಜಿಎಫ್‌ಆರ್ ಅಂತ ಬರೆದಿರುತ್ತಾರಲ್ಲ, ಅದಕ್ಕೆ ಬೇರೆ ರಕ್ತ ಕೊಡಬೇಕಾ?

ಬೇಡ. ಅದು ಪರೀಕ್ಷೆ ಅಲ್ಲ, ಲೆಕ್ಕ. ಕ್ರಿಯೇಟಿನಿನ್, ವಯಸ್ಸು, ಗಂಡೋ ಹೆಣ್ಣೋ ಅನ್ನುವುದನ್ನು ಸೂತ್ರಕ್ಕೆ ಹಾಕಿ, ಕಿಡ್ನಿ ನಿಮಿಷಕ್ಕೆ ಎಷ್ಟು ಮಿಲಿಲೀಟರ್ ಸೋಸುತ್ತಿರಬಹುದು ಅಂತ ಅಂದಾಜು ಮಾಡುತ್ತಾರೆ. ಆರೋಗ್ಯವಂತ ಯುವಕರಲ್ಲಿ ಇದು ಸುಮಾರು 120. ದಿನದ ಲೆಕ್ಕದಲ್ಲಿ 170–180 ಲೀಟರ್ ಆಯಿತು. ಅದರಲ್ಲಿ ಹೆಚ್ಚುಕಡಿಮೆ ಎಲ್ಲವೂ ವಾಪಸ್ ರಕ್ತಕ್ಕೆ ಹೋಗಿ, ಒಂದೂವರೆ ಎರಡು ಲೀಟರ್ ಮಾತ್ರ ಮೂತ್ರವಾಗುತ್ತದೆ.

ಈ ಲೆಕ್ಕ ಯಾಕೆ ಬೇಕು ಅಂದರೆ, ಕ್ರಿಯೇಟಿನಿನ್ 1.2 ಅಂತ ಇಬ್ಬರಿಗೆ ಬಂದಿದೆ ಅಂದುಕೊಳ್ಳಿ. ಒಬ್ಬ 30 ವರ್ಷದ ಗಂಡಸು, ಇನ್ನೊಬ್ಬರು 70 ವರ್ಷದ ಅಜ್ಜಿ. ಅವನ ಇಜಿಎಫ್‌ಆರ್ ಸುಮಾರು 83. ಅಜ್ಜಿಯದು 49. ಅದೇ 1.2! ನಿಮ್ಮ ರಿಪೋರ್ಟಿನಲ್ಲಿ ಇಜಿಎಫ್‌ಆರ್ ಇಲ್ಲದಿದ್ದರೆ ಲ್ಯಾಬಿನವರನ್ನು ಕೇಳಿ. ಕಂಪ್ಯೂಟರಿನಲ್ಲಿ ಅರ್ಧ ನಿಮಿಷದ ಕೆಲಸ.

ಸೂತ್ರಗಳು ಹಲವು ಇವೆ. 1976ರ ಕಾಕ್‌ಕ್ರಾಫ್ಟ್–ಗಾಲ್ಟ್, 1999ರ ಎಂಡಿಆರ್‌ಡಿ, ಆಮೇಲೆ 2009ರ ಸಿಕೆಡಿ–ಎಪಿ. ಈಗ ಹೆಚ್ಚಾಗಿ ಬಳಸಬೇಕು ಅನ್ನುವುದು 2021ರ ಸಿಕೆಡಿ–ಎಪಿ. ರಿಪೋರ್ಟಿನಲ್ಲಿ ಯಾವ ಸೂತ್ರ ಅಂತ ಸಣ್ಣಕ್ಷರದಲ್ಲಿ ಇರುತ್ತದೆ. ಎರಡು ರಿಪೋರ್ಟ್ ಹೋಲಿಸುವಾಗ ಎರಡರಲ್ಲೂ ಒಂದೇ ಸೂತ್ರ ಇದೆಯಾ ನೋಡಿ. ಇವೆಲ್ಲ ಹೊರದೇಶದ ಜನರ ಮೇಲೆ ಅಳೆದು ಕಟ್ಟಿದ ಸೂತ್ರಗಳು. ಮಾಂಸ ಕಡಿಮೆ ತಿನ್ನುವ, ಮೈ ಸಣ್ಣಗಿರುವ ನಮ್ಮವರಲ್ಲಿ ಕ್ರಿಯೇಟಿನಿನ್ ಸೂತ್ರ ನಿಜಕ್ಕಿಂತ ಜಾಸ್ತಿ ಅಂಕಿ ತೋರಿಸಬಹುದು. ಅದು ನೆನಪಿರಲಿ.

ಹಾಗಾದರೆ ಸಿಸ್ಟಾಟಿನ್ ಸಿ ಅಂದರೆ ಏನು? ಎಲ್ಲರೂ ಮಾಡಿಸಬೇಕಾ?

ಇದು ಒಂದು ಸಣ್ಣ ಪ್ರೋಟೀನ್. ಸ್ನಾಯು ಮಾತ್ರ ಅಲ್ಲ, ಕೋಶಕೇಂದ್ರ ಇರುವ ಮೈಯ ಎಲ್ಲ ಜೀವಕೋಶಗಳೂ ಇದನ್ನು ಮಾಡುತ್ತವೆ. ಕಿಡ್ನಿಯ ಜರಡಿಯಲ್ಲಿ ಸಲೀಸಾಗಿ ಇಳಿಯುತ್ತದೆ. ಆಮೇಲೆ ಅಲ್ಲಿನ ನಾಳಗಳೇ ಅದನ್ನು ಹೀರಿ ಒಡೆದುಹಾಕುತ್ತವೆ, ವಾಪಸ್ ರಕ್ತಕ್ಕೆ ಬಿಡುವುದಿಲ್ಲ. ಕಿಡ್ನಿ ಅಳೆಯಲು ಇದು ಒಳ್ಳೆಯ ಗುರುತು ಅಂತ 1985ರಲ್ಲೇ ಸ್ವೀಡನ್ನಿನ ವಿಜ್ಞಾನಿಗಳು ತೋರಿಸಿದ್ದರು. ಅಬ್ಬಿ ನೀರಿನ ಮಾತಿನಲ್ಲಿ ಹೇಳುವುದಾದರೆ, ಈ ದಬ್ಬೆಯಲ್ಲಿ ಬರುವ ನೀರು ಮನೆಯಿಂದ ಮನೆಗೆ ಅಷ್ಟೊಂದು ಬದಲಾಗುವುದಿಲ್ಲ.

ಎಲ್ಲರಿಗೂ ಬೇಡ. ಬೆಲೆ ಕ್ರಿಯೇಟಿನಿನ್‌ಗಿಂತ ಹಲವು ಪಟ್ಟು. ಎಲ್ಲ ಲ್ಯಾಬಿನಲ್ಲೂ ಮಾಡುವುದಿಲ್ಲ, ಎಷ್ಟೋ ಸಲ ಸ್ಯಾಂಪಲ್ ದೊಡ್ಡ ಊರಿಗೆ ಹೋಗಿ ಬರಬೇಕು. ಯಾರಿಗೆ ಉಪಯೋಗ ಅಂದರೆ, ತುಂಬಾ ಸಣಕಲಾದವರು, ಬಹಳ ದಿನ ಹಾಸಿಗೆ ಹಿಡಿದವರು, ಕಾಲು ಕತ್ತರಿಸಿಕೊಂಡವರು, ಲಿವರ್ ಕಾಯಿಲೆಯಲ್ಲಿ ಸೊರಗಿದವರು, ಮೈ ಕಟ್ಟುಮಸ್ತಾಗಿರುವವರು. ಇಜಿಎಫ್‌ಆರ್ 45ರಿಂದ 59ರ ನಡುವೆ ಬಂದು, ಮೂತ್ರದಲ್ಲಿ ಪ್ರೋಟೀನ್ ಇಲ್ಲದೆ, ಕಾಯಿಲೆ ನಿಜವಾಗಿ ಇದೆಯೋ ಇಲ್ಲವೋ ಅಂತ ಅನುಮಾನ ಇರುವವರಿಗೂ ಇದು ಸಹಾಯ ಮಾಡುತ್ತದೆ. ಕಿಡ್ನಿ ನೋಡಿ ಡೋಸ್ ನಿಗದಿ ಮಾಡಬೇಕಾದ ಗಟ್ಟಿ ಔಷಧಿ ಶುರು ಮಾಡುವ ಮುಂಚೆಯೂ ಕೆಲವೊಮ್ಮೆ ಕೇಳುತ್ತಾರೆ.

ಸಿಸ್ಟಾಟಿನ್ ಸಿ ಯಾವಾಗಲೂ ಸರಿಯಾ? ಕ್ರಿಯೇಟಿನಿನ್ ಬಿಟ್ಟೇ ಬಿಡಬಹುದಾ?

ಬಿಡಬೇಡಿ. ಇದಕ್ಕೂ ಅದರದೇ ದೋಷಗಳಿವೆ. ಮಳೆಗಾಲದ ಥಂಡಿಗೆ ಉಬ್ಬಸ ಜಾಸ್ತಿಯಾಗಿ ಸ್ಟೆರಾಯ್ಡ್ ಮಾತ್ರೆ ತೆಗೆದುಕೊಳ್ಳುವವರು ನಮ್ಮ ಕಡೆ ಬಹಳ. ಸ್ಟೆರಾಯ್ಡ್ ಸಿಸ್ಟಾಟಿನ್ ಸಿಯನ್ನು ಏರಿಸುತ್ತದೆ, ಕಿಡ್ನಿ ಚೆನ್ನಾಗಿದ್ದರೂ ಕೂಡ. ಬೀಡಿ ಸಿಗರೇಟು, ಬೊಜ್ಜು, ಮೈಯೊಳಗಿನ ಉರಿಯೂತ ಇವೂ ಏರಿಸುತ್ತವೆ.

ಥೈರಾಯ್ಡ್ ವಿಷಯ ಇನ್ನೂ ವಿಚಿತ್ರ. ಥೈರಾಯ್ಡ್ ಕಡಿಮೆ ಕೆಲಸ ಮಾಡುವಾಗ ಕ್ರಿಯೇಟಿನಿನ್ ಏರುತ್ತದೆ, ಸಿಸ್ಟಾಟಿನ್ ಸಿ ಇಳಿಯುತ್ತದೆ. ಜಾಸ್ತಿ ಕೆಲಸ ಮಾಡುವಾಗ ಇದಕ್ಕೆ ಉಲ್ಟಾ. ಹಾಗಾಗಿ ಸಿಸ್ಟಾಟಿನ್ ಸಿ ಓದುವ ಮುಂಚೆ ಟಿಎಸ್‌ಎಚ್ (ಥೈರಾಯ್ಡ್ ನೋಡುವ ರಕ್ತ ಪರೀಕ್ಷೆ) ಗೊತ್ತಿದ್ದರೆ ಒಳ್ಳೆಯದು. ಸ್ಟೆರಾಯ್ಡ್, ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ರಕ್ತ ಕೊಡುವಾಗಲೇ ಹೇಳಿ, ನಾವು ಚೀಟಿಯಲ್ಲಿ ಬರೆದುಕೊಳ್ಳುತ್ತೇವೆ.

ಎರಡರ ದೋಷವೂ ಬೇರೆ ಬೇರೆ ಕಡೆಗೆ ಎಳೆಯುವುದರಿಂದ, ಎರಡನ್ನೂ ಸೇರಿಸಿದ ಸೂತ್ರವೇ ಹೆಚ್ಚಿನವರಲ್ಲಿ ನಿಜಕ್ಕೆ ಹತ್ತಿರ. ಕೆಡಿಗೋ ಅನ್ನೋ ಅಂತರರಾಷ್ಟ್ರೀಯ ಕಿಡ್ನಿ ಸಂಸ್ಥೆಯ 2024ರ ಮಾರ್ಗಸೂಚಿಯೂ ಸಾಧ್ಯವಿದ್ದ ಕಡೆ ಈ ಜೋಡಿ ಲೆಕ್ಕಕ್ಕೇ ಒತ್ತು ಕೊಟ್ಟಿದೆ. ಆದರೂ ಅದು ಅಂದಾಜೇ. 60 ಅಂತ ಬಂದರೆ ನಿಜ 50 ಇರಬಹುದು, 70 ಇರಬಹುದು. ಎರಡು ಅಂಕಿಗಳ ನಡುವೆ ಅಪ್ಪಯ್ಯನಿಗೆ ಬಂದಷ್ಟು ದೊಡ್ಡ ಅಂತರ ಕಂಡರೆ, ಯಾವುದು ಸುಳ್ಳು ಅಂತ ಜಗಳಕ್ಕೆ ನಿಲ್ಲುವ ಬದಲು ಅಂತರ ಯಾಕೆ ಬಂತು ಅಂತ ಡಾಕ್ಟರನ್ನು ಕೇಳಿ. ಕಾರಣ ಹುಡುಕುವಾಗಲೇ ಕಾಯಿಲೆಯೂ ಸಿಗುವುದುಂಟು.

ಮಗ ಜಿಮ್‌ಗೆ ಹೋಗ್ತಾನೆ, ಪೌಡರ್ ಕುಡೀತಾನೆ. ಕ್ರಿಯೇಟಿನಿನ್ 1.4 ಬಂದಿದೆ. ಏನು ಗತಿ?

ಮೊದಲು ಉಸಿರು ಬಿಡಿ. 28 ವರ್ಷದ ಹುಡುಗನಿಗೆ 1.4 ಬಂದರೆ ಲೆಕ್ಕದಲ್ಲಿ 70 ಬರುತ್ತದೆ. ನೋಡಿದರೆ ಹೆದರಿಕೆಯೇ. ಅದೇ ಹುಡುಗನ ಸಿಸ್ಟಾಟಿನ್ ಸಿ 0.8 ಬಂದರೆ ಆ ಲೆಕ್ಕದಲ್ಲಿ 119. ಮೈ ತುಂಬಾ ಸ್ನಾಯು, ಮೇಲಿಂದ ಕ್ರಿಯೇಟಿನ್ ಪೌಡರ್. ದಬ್ಬೆ ತುಂಬಿ ಹರಿಯುತ್ತಿದೆ, ತೂತು ಸರಿಯಾಗೇ ಇದೆ. ಪೌಡರ್ ಕುಡಿಯುವುದನ್ನು ಡಾಕ್ಟರ್ ಹತ್ತಿರ ಮುಚ್ಚಿಡಬೇಡಿ ಅಂತ ಮಗನಿಗೆ ಹೇಳಿ. ಮೂತ್ರ ಪರೀಕ್ಷೆ, ಬಿಪಿ ಎರಡೂ ನೋಡಿಸಿಯೇ ಸಮಾಧಾನ ಮಾಡಿಕೊಳ್ಳಿ.

ಯೂರಿಯಾ ಜಾಸ್ತಿ ಇದೆ, ಕ್ರಿಯೇಟಿನಿನ್ ಸರಿ ಇದೆ. ಹಾಗೂ ಆಗುತ್ತಾ?

ಆಗುತ್ತದೆ, ದಿನಾ ನೋಡುತ್ತೇವೆ. ತಿಂದ ಪ್ರೋಟೀನ್ ಒಡೆದಾಗ ಲಿವರ್ ಯೂರಿಯಾ ಮಾಡುತ್ತದೆ. ನೀರು ಕಡಿಮೆ ಕುಡಿದರೆ, ವಾಂತಿ ಭೇದಿಯಾಗಿದ್ದರೆ ಕಿಡ್ನಿ ನೀರಿನ ಜೊತೆ ಯೂರಿಯಾವನ್ನೂ ವಾಪಸ್ ಎಳೆದುಕೊಳ್ಳುತ್ತದೆ. ಹೊಟ್ಟೆಯೊಳಗೆ ರಕ್ತ ಸೋರುತ್ತಿದ್ದರೂ ಏರುತ್ತದೆ. ಮಲ ಕಪ್ಪಗೆ ಡಾಂಬರಿನ ಹಾಗೆ ಹೋಗುತ್ತಿದ್ದರೆ ಅವತ್ತೇ ಆಸ್ಪತ್ರೆಗೆ ಹೋಗಿ. ಲಿವರ್ ಸೋತವರಲ್ಲಿ, ಊಟ ಬಿಟ್ಟವರಲ್ಲಿ ಯೂರಿಯಾ ತೀರಾ ಕಡಿಮೆ ಬಂದು ಮೋಸ ಮಾಡುತ್ತದೆ. ಹಾಗಾಗಿ ಕಿಡ್ನಿ ಎಷ್ಟು ಸೋಸುತ್ತಿದೆ ಅಂತ ಹೇಳಲು ಯೂರಿಯಾ ಒಂದನ್ನೇ ನಂಬುವುದಿಲ್ಲ.

ಒಂದು ಗೊಂದಲ ಇಲ್ಲೇ ಬಿಡಿಸುತ್ತೇನೆ. ಕೆಲವು ರಿಪೋರ್ಟಿನಲ್ಲಿ ಯೂರಿಯಾ ಅಂತ, ಕೆಲವದರಲ್ಲಿ ಬಿಯುಎನ್ ಅಂತ ಇರುತ್ತದೆ. ಬಿಯುಎನ್ ಅಂದರೆ ಯೂರಿಯಾದೊಳಗಿನ ಸಾರಜನಕದ ತೂಕ ಮಾತ್ರ. ಬಿಯುಎನ್ ಅಂಕಿಯನ್ನು 2.14ರಿಂದ ಗುಣಿಸಿದರೆ ಯೂರಿಯಾ ಸಿಗುತ್ತದೆ. ಕಳೆದ ಸಲ 14 ಇತ್ತು, ಈ ಸಲ 30 ಆಗಿದೆ ಅಂತ ಅಳುತ್ತಾ ಬಂದವರೊಬ್ಬರಿದ್ದರು. ಎರಡೂ ಒಂದೇ. ಲ್ಯಾಬ್ ಬದಲಾಗಿತ್ತು ಅಷ್ಟೇ.

ಅಂದಾಜು ಬೇಡ, ನಿಜವಾಗಿ ಅಳೆಯೋ ಪರೀಕ್ಷೆ ಇಲ್ವಾ?

ಇದೆ. ಹೊರಗಿನಿಂದ ಒಂದು ವಸ್ತುವನ್ನು ರಕ್ತಕ್ಕೆ ಬಿಟ್ಟು, ಕಿಡ್ನಿ ಅದನ್ನು ಎಷ್ಟು ಬೇಗ ಖಾಲಿ ಮಾಡುತ್ತದೆ ಅಂತ ನೋಡುವುದು. ಇದಕ್ಕೆ ಬಹಳ ಕಾಲದಿಂದ ಅಳತೆಗೋಲು ಅನ್ನಿಸಿಕೊಂಡದ್ದು ಇನ್ಯುಲಿನ್. ಶುಗರ್‌ನವರು ಚುಚ್ಚಿಕೊಳ್ಳುವ ಇನ್ಸುಲಿನ್ ಅಲ್ಲ, ಇದು ಗಿಡದ ಬೇರಿನಲ್ಲಿ ಸಿಗುವ ಹಿಟ್ಟಿನಂಥ ವಸ್ತು. ಚಿಕೋರಿ ಬೇರಿನಲ್ಲಿ ತುಂಬಾ ಇದೆ. ಹೌದು, ನಮ್ಮ ಫಿಲ್ಟರ್ ಕಾಫಿ ಪುಡಿಗೆ ಬೆರೆಸುವ ಅದೇ ಚಿಕೋರಿ! ಬಾಯಲ್ಲಿ ಕುಡಿದದ್ದು ರಕ್ತಕ್ಕೆ ಹೋಗುವುದಿಲ್ಲ, ಹಾಗಾಗಿ ಚಿಕೋರಿ ಕಾಫಿ ಕುಡಿದು ಬಂದೆ ಅಂತ ಯಾರೂ ಹೆದರಬೇಕಿಲ್ಲ. ಇನ್ಯುಲಿನ್ ಪರೀಕ್ಷೆಗೆ ಗಂಟೆಗಟ್ಟಲೆ ಡ್ರಿಪ್ ಹಾಕಬೇಕು, ಪದೇ ಪದೇ ಮೂತ್ರ ಹಿಡಿಯಬೇಕು. ಅದಕ್ಕೇ ಈಗ ಡಿಟಿಪಿಎ ಸ್ಕ್ಯಾನ್, ಐಯೋಹೆಕ್ಸಾಲ್ ಇವನ್ನು ಬಳಸುತ್ತಾರೆ. ಕಿಡ್ನಿ ದಾನ ಮಾಡುವವರಿಗೆ ಇಂಥ ನೇರ ಅಳತೆ ಮಾಡಿಸುವುದುಂಟು. ಉಳಿದವರಿಗೆ ರಕ್ತದ ಅಂದಾಜೇ ಸಾಕು.

ಖಾಲಿ ಹೊಟ್ಟೇಲಿ ಬರಬೇಕಾ? ಹಿಂದಿನ ದಿನ ಏನು ತಿನ್ನಬಾರದು?

ಕಿಡ್ನಿ ಪರೀಕ್ಷೆಗೆ ಖಾಲಿ ಹೊಟ್ಟೆ ಬೇಕಿಲ್ಲ. ಶುಗರ್ ಜೊತೆಗಿದ್ದರೆ ಬೇಕಾಗಬಹುದು. ನೀರು ಮಾತ್ರ ಎಂದಿನಂತೆ ಕುಡಿದು ಬನ್ನಿ.

ಮಾಂಸದೂಟದ ಬಗ್ಗೆ ಮಾತ್ರ ಎಚ್ಚರ. ಮಾಂಸದಲ್ಲಿರುವ ಕ್ರಿಯೇಟಿನ್ ಬೇಯಿಸುವಾಗ ಕ್ರಿಯೇಟಿನಿನ್ ಆಗುತ್ತದೆ, ತಿಂದ ಕೆಲವು ಗಂಟೆ ರಕ್ತದಲ್ಲಿ ಅಂಕಿ ಏರಿಸುತ್ತದೆ. ಮಾರಿ ಹಬ್ಬದಲ್ಲಿ ಕಡುಬು, ಕೋಳಿ ಸಾರು ಹೊಟ್ಟೆ ತುಂಬಾ ಉಂಡು ಮರುದಿನವೇ ಬರಬೇಡಿ. ಒಂದು ದಿನ ಬಿಟ್ಟು ಬನ್ನಿ. ಹಿಂದಿನ ದಿನ ಇಡೀ ದಿನ ಗುದ್ದಲಿ ಹಿಡಿದು ತೋಟದಲ್ಲಿ ಅಗೆದಿದ್ದರೂ ಹಾಗೇ. ಸಿಸ್ಟಾಟಿನ್ ಸಿ ಮೇಲೆ ಮಾಂಸದೂಟದ ಪರಿಣಾಮ ಇಲ್ಲ.

ಒಂದು ಲ್ಯಾಬಿನಲ್ಲಿ 1.1, ಇನ್ನೊಂದರಲ್ಲಿ 1.3. ಯಾರು ತಪ್ಪು?

ಇಬ್ಬರೂ ಸರಿ ಇರಬಹುದು. ಕ್ರಿಯೇಟಿನಿನ್ ಅಳೆಯಲು ಎರಡು ವಿಧಾನ ಇವೆ. ಹಳೆಯದು ಜಾಫೆ ವಿಧಾನ. ಮ್ಯಾಕ್ಸ್ ಜಾಫೆ 1886ರಲ್ಲಿ ಕಂಡುಕೊಂಡದ್ದು. ಪಿಕ್ರಿಕ್ ಆಮ್ಲದ ಜೊತೆ ಸೇರಿ ಕಿತ್ತಳೆ ಬಣ್ಣ ಬರುತ್ತದೆ, ಬಣ್ಣ ಎಷ್ಟು ಗಾಢ ಅಂತ ಯಂತ್ರ ನೋಡುತ್ತದೆ. ಅಗ್ಗ, ಹಾಗಾಗಿ ಇವತ್ತಿಗೂ ಬಳಕೆಯಲ್ಲಿದೆ. ಆದರೆ ಶುಗರ್ ವಿಪರೀತ ಏರಿ ರಕ್ತದಲ್ಲಿ ಕೀಟೋನ್ ಇದ್ದರೆ ಅದೂ ಬಣ್ಣ ಕೊಟ್ಟು ಅಂಕಿ ಏರಿಸುತ್ತದೆ. ಜಾಂಡಿಸ್ ಇದ್ದರೆ ಕಡಿಮೆ ತೋರಿಸಬಹುದು. ಎಂಜೈಮ್ ವಿಧಾನದಲ್ಲಿ ಈ ತೊಂದರೆ ಕಡಿಮೆ. ನನ್ನ ಸಲಹೆ ಇಷ್ಟೇ, ಕಿಡ್ನಿ ತೊಂದರೆ ಇರುವವರು ಸಾಧ್ಯವಾದಷ್ಟು ಒಂದೇ ಲ್ಯಾಬಿಗೆ ಹೋಗಿ. ನಮ್ಮಲ್ಲಿಗೇ ಬನ್ನಿ ಅಂತಲ್ಲ, ಎಲ್ಲಾದರೂ ಒಂದೇ ಕಡೆ.

ಮಳೆಗಾಲದ ಜ್ವರದಲ್ಲಿ, ಹಾವು ಕಚ್ಚಿದಾಗ ದಿನಾ ರಕ್ತ ತೆಗೀತಾರೆ. ಒಂದು ಸಲ ಸಾಲದಾ?

ಸಾಲದು. ಇಲ್ಲಿ ಲೆಕ್ಕವೇ ಬೇರೆ. ನಾಟಿ ಸಮಯದಲ್ಲಿ ಕೆಸರಿನಲ್ಲಿ ನಿಂತವರಿಗೆ ಬರುವ ಇಲಿ ಜ್ವರ, ಕೊಳಕುಮಂಡಲ ಹಾವಿನ ವಿಷ, ಇವೆರಡೂ ಒಂದೆರಡು ದಿನದಲ್ಲೇ ಕಿಡ್ನಿಯನ್ನು ನಿಲ್ಲಿಸಿಬಿಡಬಲ್ಲವು. ತೂತು ಈಗಷ್ಟೇ ಪೂರ್ತಿ ಕಟ್ಟಿದೆ ಅಂದುಕೊಳ್ಳಿ. ತೊಟ್ಟಿ ತುಂಬಲು ಸಮಯ ಬೇಕಲ್ಲ? ಮೊದಲ ದಿನ ಕ್ರಿಯೇಟಿನಿನ್ 1.0 ಇದ್ದು, ಕಿಡ್ನಿ ಹೆಚ್ಚುಕಡಿಮೆ ನಿಂತೇ ಹೋಗಿರಬಹುದು. ಮರುದಿನ 2, ಅದರ ಮರುದಿನ 3 ಅಂತ ಏರುತ್ತದೆ. ಹೀಗೆ ಏರುತ್ತಿರುವಾಗ ಇಜಿಎಫ್‌ಆರ್ ಸೂತ್ರಕ್ಕೆ ಅರ್ಥವೇ ಇಲ್ಲ, ಅದು ಮಟ್ಟ ಒಂದೇ ಸಮ ನಿಂತವರಿಗೆ ಮಾಡಿದ್ದು. ಆಸ್ಪತ್ರೆಯಲ್ಲಿ ಮೂತ್ರ ಎಷ್ಟು ಹೋಯಿತು ಅಂತ ಗಂಟೆಗಂಟೆಗೂ ಬರೆದಿಡುವುದು ಇದಕ್ಕೇ. "ಮೊದಲ ರಿಪೋರ್ಟ್ ಸರಿ ಇದೆ, ಮನೆಗೆ ಕರೆದುಕೊಂಡು ಹೋಗ್ತೀವಿ" ಅಂತ ಹಟ ಮಾಡುವ ಮನೆಯವರನ್ನು ನೋಡಿದರೆ ನನಗೆ ನಿಜಕ್ಕೂ ಎದೆ ಹೊಡೆದುಕೊಳ್ಳುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ.

ಬಿಪಿ ಮಾತ್ರೆ ಶುರು ಮಾಡಿದ ಮೇಲೆ ಕ್ರಿಯೇಟಿನಿನ್ ಏರಿತು. ಮಾತ್ರೆ ಬಿಡಲಾ?

ನೀವಾಗಿಯೇ ಬಿಡಬೇಡಿ. ಟೆಲ್ಮಿಸಾರ್ಟನ್, ಎನಲಾಪ್ರಿಲ್, ರಾಮಿಪ್ರಿಲ್ ಥರದ ಮಾತ್ರೆಗಳು ಕಿಡ್ನಿಯ ಜರಡಿಯೊಳಗಿನ ಒತ್ತಡ ಇಳಿಸುತ್ತವೆ. ಶುರುವಿನಲ್ಲಿ ಸೋಸುವುದು ಸ್ವಲ್ಪ ಕಡಿಮೆಯಾಗಿ ಕ್ರಿಯೇಟಿನಿನ್ ಏರುತ್ತದೆ. ಒತ್ತಡ ಇಳಿದದ್ದರಿಂದ ಮುಂದೆ ಜರಡಿ ಹೆಚ್ಚು ಕಾಲ ಬಾಳುತ್ತದೆ. ನಾಲ್ಕು ವಾರದೊಳಗೆ 30% ತನಕದ ಏರಿಕೆಯನ್ನು ಸಾಮಾನ್ಯವಾಗಿ ಒಪ್ಪುತ್ತಾರೆ, ಅದಕ್ಕಿಂತ ಜಾಸ್ತಿಯಾದರೆ ಕಾರಣ ಹುಡುಕುತ್ತಾರೆ. ಪೊಟ್ಯಾಶಿಯಂ ಕೂಡ ನೋಡುತ್ತಾರೆ. ಮೂತ್ರದ ಸೋಂಕಿಗೆ ಕೊಡುವ ಟ್ರೈಮೆಥೋಪ್ರಿಮ್ ಇರುವ ಮಾತ್ರೆಯೂ ಕ್ರಿಯೇಟಿನಿನ್ ಏರಿಸುತ್ತದೆ. ಕ್ರಿಯೇಟಿನಿನ್ ಹೊರಹೋಗುವ ಇನ್ನೊಂದು ಸಣ್ಣ ದಾರಿಯನ್ನು ಅದು ತಡೆಯುವುದರಿಂದ, ಸೋಸುವ ವೇಗ ಬದಲಾಗದಿದ್ದರೂ ಅಂಕಿ ಮೇಲೆ ಹೋಗುತ್ತದೆ.

ರಕ್ತ ಸರಿ ಇದ್ದರೆ ಮೂತ್ರ ಪರೀಕ್ಷೆ ಯಾಕೆ?

ರಕ್ತ ಹೇಳುವುದು ಎಷ್ಟು ಸೋಸುತ್ತಿದೆ ಅಂತ. ಜರಡಿ ಹರಿದಿದೆಯಾ ಅಂತ ಹೇಳುವುದು ಮೂತ್ರ. ಶುಗರ್, ಬಿಪಿ ಇರುವವರಲ್ಲಿ ಇಜಿಎಫ್‌ಆರ್ 100 ಇದ್ದಾಗಲೇ ಆಲ್ಬುಮಿನ್ ಅನ್ನೋ ಪ್ರೋಟೀನ್ ಸೋರಲು ಶುರುವಾಗಿರಬಹುದು. ಎಸಿಆರ್ ಅಂತ ಪರೀಕ್ಷೆ ಇದೆ, ಸ್ವಲ್ಪ ಮೂತ್ರ ಕೊಟ್ಟರೆ ಸಾಕು. 30ಕ್ಕಿಂತ ಕಡಿಮೆ ಇರಬೇಕು. 300 ದಾಟಿದರೆ ಸೋರಿಕೆ ಜೋರಾಗಿದೆ ಅಂತ ಅರ್ಥ. ನನ್ನ ಕೈಯಲ್ಲಿದ್ದರೆ ಶುಗರ್ ಇರುವ ಪ್ರತಿಯೊಬ್ಬರಿಗೂ ವರ್ಷಕ್ಕೊಂದು ಸಲ ಇದನ್ನು ಮಾಡಿಸಿಯೇ ಕಳಿಸುತ್ತಿದ್ದೆ.

ಗರ್ಭಿಣಿಯರಿಗೂ ಇದೇ ಲೆಕ್ಕವಾ?

ಅಲ್ಲ. ಬಸುರಿಯಲ್ಲಿ ಕಿಡ್ನಿ ಜಾಸ್ತಿ ಸೋಸುತ್ತದೆ, ಕ್ರಿಯೇಟಿನಿನ್ ಇಳಿಯುತ್ತದೆ. ಬೇರೆಯವರಿಗೆ ನಾರ್ಮಲ್ ಆದ 1.0 ಅವರಿಗೆ ಜಾಸ್ತಿಯೇ. ಇಜಿಎಫ್‌ಆರ್ ಸೂತ್ರ ಹಾಕಬಾರದು.

ಇಜಿಎಫ್‌ಆರ್ 55 ಬಂದಿದೆ. ಕಿಡ್ನಿ ಹೋಯ್ತಾ? ಮತ್ತೆ ಯಾವಾಗ ಮಾಡಿಸಬೇಕು?

ಹೋಗಿಲ್ಲ. ಇಜಿಎಫ್‌ಆರ್ 60ಕ್ಕಿಂತ ಕೆಳಗೆ ಇರುವುದು, ಇಲ್ಲವೇ ಮೂತ್ರದಲ್ಲಿ ಆಲ್ಬುಮಿನ್ ಸೋರುವಂಥ ಹಾನಿಯ ಗುರುತು, ಮೂರು ತಿಂಗಳಿಗಿಂತ ಹೆಚ್ಚು ಕಾಲ ಉಳಿದರೆ ಮಾತ್ರ ದೀರ್ಘಕಾಲದ ಕಿಡ್ನಿ ಕಾಯಿಲೆ ಅನ್ನುತ್ತಾರೆ. 30ಕ್ಕಿಂತ ಕೆಳಗೆ ಹೋದರೆ ಕಿಡ್ನಿ ತಜ್ಞರನ್ನು ನೋಡಲೇಬೇಕು, ಮೆಟ್‌ಫಾರ್ಮಿನ್ ಥರದ ಶುಗರ್ ಮಾತ್ರೆಯನ್ನೂ ನಿಲ್ಲಿಸುತ್ತಾರೆ. 15ಕ್ಕಿಂತ ಕೆಳಗೆ ಡಯಾಲಿಸಿಸ್, ಕಸಿ ಇವುಗಳ ಮಾತು. 55ರಿಂದ ಅಲ್ಲಿಗೆ ಬಹಳ ದೂರ ಇದೆ. ಶುಗರ್, ಬಿಪಿ ಹಿಡಿತದಲ್ಲಿಟ್ಟು, ನೋವಿನ ಮಾತ್ರೆ ಬಿಟ್ಟು ಎಷ್ಟೋ ಜನ ಅಲ್ಲೇ ವರ್ಷಗಟ್ಟಲೆ ನಿಂತಿದ್ದಾರೆ.

ಮೊದಲ ಸಲ ಕಡಿಮೆ ಬಂದಿದ್ದರೆ ಡಾಕ್ಟರ್ ಹೇಳಿದ ದಿನಕ್ಕೆ, ಹೆಚ್ಚೆಂದರೆ ಮೂರು ತಿಂಗಳೊಳಗೆ ಮತ್ತೆ ಬನ್ನಿ. ಬರುವಾಗ ಹಳೆಯ ರಿಪೋರ್ಟ್‌ಗಳನ್ನು ತಾರೀಖಿನ ಪ್ರಕಾರ ಜೋಡಿಸಿ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ತನ್ನಿ. ಮಳೆಯಲ್ಲಿ ನೆನೆದು ಅಂಕಿ ಅಳಿಸಿಹೋದ ರಿಪೋರ್ಟ್ ಹಿಡಿದು ಬರುವವರು ಬಹಳ ಜನ. ಮನೆಯಲ್ಲಿ ಯಾರದಾದರೂ ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಳ್ಳಿ.